ಬೇಡ್ತಿಯ ಬೆನ್ನು ಹತ್ತಿ

ಹುಬ್ಬಳ್ಳಿಯವರಿಗೆ ಬೆಟ್ಟ ನೋಡಲು ದೂರ ಹೋಗುವ ಅಗತ್ಯವಿಲ್ಲ. ಬೆಳಿಗ್ಗೆ ಚಹಾ ಕುಡಿದು ಕಾರವಾರ ರಸ್ತೆ ಹಿಡಿದರೆ ಬಿಸಿಲೇರುವುದರೊಳಗೆ ಎರಿ ಹೊಲಗಳು ಹಿಂದೆ ಸರಿದು ಸಾಗವಾನಿಯ ನೆರಳು ಸಿಗುತ್ತದೆ. ಅದಕ್ಕೇ ಮಳೆ ಹಿಂದಾದ ಮೇಲೆ ನಮ್ಮೂರಿನ ಮನೆಮನೆಗಳಲ್ಲಿ ಶನಿವಾರ ರಾತ್ರಿ ಒಂದೇ ಚರ್ಚೆ: ದಾಂಡೇಲಿಯೋ, ಯಾಣವೋ, ಸಾತೊಡ್ಡಿಯೋ? ಭಾನುವಾರ ನಸುಕಿಗೆ ಚುರಮರಿ, ಅವಲಕ್ಕಿ ಕಟ್ಟಿಕೊಂಡು ಹೊರಟ ಕಾರುಗಳು ಸಂಜೆ ಕೆಸರು ಮೆತ್ತಿಕೊಂಡು ವಾಪಸಾಗುತ್ತವೆ. ಫೋನಿನ ತುಂಬ ಫೋಟೋ, ಮೈತುಂಬ ನೋವು, ಸೋಮವಾರ ಎಂದಿನಂತೆ ಕೆಲಸ.

ನಾವೂ ಈ ಗುಂಪಿನವರೇ. ಎರಡು ವರ್ಷದ ಹಿಂದೆ ಗಣೇಶಗುಡಿಯಲ್ಲಿ ಕಾಳಿ ನದಿಗಿಳಿದು ರ‍್ಯಾಫ್ಟಿಂಗ್ ಮಾಡಿ ಬಂದಿದ್ದೆವು. ಅಂದು ಲೈಫ್ ಜಾಕೆಟ್ ಬಿಗಿದುಕೊಂಡು, ಹೆಲ್ಮೆಟ್ ಹಾಕಿಕೊಂಡು, ಹುಟ್ಟು ಹಿಡಿದು ದಂಡೆಯ ಮೇಲೆ ಬಹಳ ಹೊತ್ತು ಕೂತೆವು. ದೋಣಿ ಬಿಡಲಿಲ್ಲ. "ಯಾಕ ಬಿಡವಲ್ರು?" ಎಂದು ಮಗ ಕೇಳಿದ. ನಮ್ಮನ್ನು ಕರೆದೊಯ್ಯಬೇಕಾಗಿದ್ದ ಜೋಯಿಡಾ ಕಡೆಯ ಹುಡುಗ ನಕ್ಕು, "ಮೇಲಿಂದ ನೀರು ಬಿಡಬೇಕ್ರೀ" ಎಂದ. ಮೇಲೆ ಎಂದರೆ ಸೂಪಾ ಅಣೆಕಟ್ಟು. 101 ಮೀಟರ್ ಎತ್ತರದ್ದು, 1987ರಲ್ಲಿ ಮುಗಿದದ್ದು. ಅದರ ಬುಡದ ವಿದ್ಯುದಾಗಾರದ ಯಂತ್ರಗಳು ತಿರುಗಿದಾಗ ಹೊರಬರುವ ನೀರಿನ ಮೇಲೆ ನಮ್ಮ ದೋಣಿ ಕುಣಿಯಬೇಕು. ಅಂದರೆ ಎಲ್ಲಿಯೋ ಯಾರಿಗೋ ಕರೆಂಟು ಬೇಕಾದಾಗ ಇಲ್ಲಿ ನಮಗೆ ಅಲೆ. ಅಣೆಕಟ್ಟಿನ ಹಿಂದೆ ಸೂಪಾ ಎಂಬ ಊರೇ ಮುಳುಗಿತು, ಅಲ್ಲಿಯವರು ರಾಮನಗರದಂಥ ಹೊಸ ಊರುಗಳಿಗೆ ಹೋಗಿ ನೆಲೆಸಿದರು ಎಂಬುದನ್ನೂ ಆ ಹುಡುಗನೇ ಹೇಳಿದ. ಮುಂದಿನ ಒಂದು ತಾಸು ನಾವು ಕಿರುಚಿದ್ದು, ನೀರು ಕುಡಿದದ್ದು, ನಕ್ಕದ್ದು ಎಲ್ಲ ನಿಜ. ಆದರೆ ಮನೆಗೆ ಬಂದ ಮೇಲೆ ನೆನಪಿನಲ್ಲಿ ಉಳಿದದ್ದು ದಂಡೆಯ ಮೇಲೆ ಕಾದ ಆ ಹೊತ್ತು. ನಾವು ಮೋಜಿಗೆಂದು ಹೋಗುವ ನೀರಿಗೂ ರಸ್ತೆಗೂ ಬೇರೆ ಕೆಲಸಗಳಿರುತ್ತವೆ, ನಮಗೆ ಸಿಗುವುದು ಅವುಗಳ ಬಿಡುವಿನ ಹೊತ್ತು ಎಂದು ಆಗ ಅನ್ನಿಸಿತು.

ಆ ಗುಂಗಿನಲ್ಲೇ ಒಂದು ದಿನ ಜಿಲ್ಲೆಯ ನಕಾಶೆ ಹರವಿಕೊಂಡು ಕೂತಾಗ ಬೇಡ್ತಿ ಕಣ್ಣಿಗೆ ಬಿತ್ತು. ಮಾಗೋಡು ಜಲಪಾತದ ಹೊಳೆ, ಮುಂದೆ ಅಂಕೋಲಾ ಸೀಮೆಯಲ್ಲಿ ಗಂಗಾವಳಿ ಎನ್ನಿಸಿಕೊಂಡು ಸಮುದ್ರ ಸೇರುವ ಹೊಳೆ ಎಂದಷ್ಟೇ ನನಗೆ ಅದರ ಪರಿಚಯ. ನೀಲಿ ಗೆರೆಯ ಮೇಲೆ ಬೆರಳಿಟ್ಟು ಹಿಂದಕ್ಕೆ ಹೋದೆ. ಕಲಘಟಗಿಯ ಬಳಿ ಗೆರೆ ಎರಡಾಯಿತು. ಒಂದು ಶಾಲ್ಮಲಾ, ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವುದು. ಇನ್ನೊಂದು ನೇರವಾಗಿ ನಮ್ಮೂರಿಗೇ ಬಂತು. ಅದರ ತುದಿಯಲ್ಲಿದ್ದದ್ದು ಉಣಕಲ್ ಕೆರೆ.

ಹುಬ್ಬಳ್ಳಿ ಬಲ್ಲವರಿಗೆ ಉಣಕಲ್ ನಾಲಾ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕೆರೆಯಿಂದ ಹೊರಬಿದ್ದು ಬಡಾವಣೆಗಳ ಬೆನ್ನ ಹಿಂದೆ ಹರಿಯುವ, ಊರಿನ ಕೊಳೆಯನ್ನೆಲ್ಲ ಹೊತ್ತು ಸಾಗುವ ಕಾಲುವೆ ಅದು. ಸೇತುವೆ ದಾಟುವಾಗ ಸ್ಕೂಟರಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಊರಾಚೆ ಗಬ್ಬೂರು, ಬುಡರಸಿಂಗಿ ಕಡೆಯ ಕೆಲವು ರೈತರು ಇದೇ ನೀರಿಗೆ ಪಂಪು ಹಚ್ಚಿ ಕಾಯಿಪಲ್ಲೆ ಬೆಳೆದಿದ್ದಾರೆ. ಆ ನಾಲಾ ಮತ್ತು ಮಾಗೋಡಿನಲ್ಲಿ ಹಾಲಿನಂತೆ ಧುಮುಕುವ ಹೊಳೆ ಒಂದೇ ಸಂಸಾರದವು ಎಂಬುದು ಐವತ್ತರ ಹತ್ತಿರ ಬಂದ ನನಗೆ ಹೊಸ ಸುದ್ದಿ. ಇನ್ನೂ ಒಂದು ನಂಟಿದೆ. ಕಲಘಟಗಿ ತಾಲೂಕಿನ ದುಮ್ಮವಾಡದ ಹತ್ತಿರ ಇದೇ ಬೇಡ್ತಿ ಹಳ್ಳಕ್ಕೆ ಒಡ್ಡು ಕಟ್ಟಿ 1955ರಲ್ಲಿ ನೀರಸಾಗರ ಮಾಡಿದರು. ಮುಂದೆ ಸವದತ್ತಿಯಿಂದ ಮಲಪ್ರಭೆಯ ನೀರು ಬರುವ ತನಕ ಹುಬ್ಬಳ್ಳಿಯ ನಲ್ಲಿಗಳಿಗೆ ದೊಡ್ಡ ಆಸರೆ ಅದೇ ಆಗಿತ್ತು. ನಮ್ಮವ್ವ ಕೊಡ ತುಂಬಿದ್ದು ಬೇಡ್ತಿಯಿಂದ, ಪಾತ್ರೆ ತೊಳೆದು ಚೆಲ್ಲಿದ್ದೂ ಬೇಡ್ತಿಗೆ.

ಈ ಸಲ ಜಾಗ ಹುಡುಕುವ ಬದಲು ಹೊಳೆಯ ಬೆನ್ನು ಹತ್ತೋಣ ಎಂದು ಮನೆಯಲ್ಲಿ ಹೇಳಿದೆ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಸುಮಾರು 135 ಕಿಲೋಮೀಟರ್. ಮೊದಲು 63 ಎನ್ನುತ್ತಿದ್ದ, ಈಗ 52 ಎಂಬ ಸಂಖ್ಯೆ ಹೊತ್ತ ರಾಷ್ಟ್ರೀಯ ಹೆದ್ದಾರಿ ಹೆಚ್ಚು ಕಡಿಮೆ ಬೇಡ್ತಿಯ ಓರೆಯಲ್ಲೇ ಸಾಗುತ್ತದೆ. ಮಗನಿಗೆ ರ‍್ಯಾಫ್ಟಿಂಗ್ ಇಲ್ಲ ಎಂಬ ಬೇಸರ. ಹೆಂಡತಿಗೆ ಯಲ್ಲಾಪುರದಲ್ಲಿ ಊಟ ಸಿಕ್ಕರೆ ಸಾಕು. ಆಮೇಲೆ ಯಾಕೋ ಕಾಕಾನ ನೆನಪಾಯಿತು. ನಮ್ಮ ಅಪ್ಪನ ತಮ್ಮ. ಬಸ್ ಡ್ರೈವರ್ ಆಗಿ 28 ವರ್ಷ ದುಡಿದು ನಿವೃತ್ತರಾದವರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಹುಬ್ಬಳ್ಳಿ–ಕಾರವಾರ, ಹುಬ್ಬಳ್ಳಿ–ಅಂಕೋಲಾ ಓಡಿಸಿದವರು. ಕಾಕು ಹೋದ ಮೇಲೆ ಮನೆ ಬಿಟ್ಟು ಹೊರಬರುವುದನ್ನೇ ಬಿಟ್ಟಿದ್ದರು. ಫೋನ್ ಮಾಡಿ, "ಕಾಕಾ, ಘಟ್ಟಕ್ಕ ಹೋಗೂಣೇನ್ರಿ?" ಎಂದೆ.

"ಡ್ಯೂಟಿ ಮುಗಿದು ಹದಿಮೂರು ವರ್ಷ ಆತೋ ತಮ್ಮಾ. ಈಗ್ಯಾಕ ಘಟ್ಟ?"

"ನೋಡಾಕ್ರಿ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಎಷ್ಟಕ್ಕ ಬಿಡ್ತೀದಿ?" ಎಂದರು.

2025ರ ಅಕ್ಟೋಬರ್‌ನ ಒಂದು ಬೆಳಿಗ್ಗೆ ಆರಕ್ಕೆ ಹೊರಟೆವು. ಕಾಕಾ ಮುಂದಿನ ಸೀಟಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಂಚಟಗೇರಿ ದಾಟುವಾಗ ಅವರ ಬಲಗಾಲು ನಾನು ಬ್ರೇಕ್ ಒತ್ತಿದಾಗಲೆಲ್ಲ ತಾನೂ ಒತ್ತುತ್ತಿರುವುದನ್ನು ಮಗ ಹಿಂದಿನಿಂದ ನೋಡಿ ನಗುತ್ತಿದ್ದ.

ಕಲಘಟಗಿ ಎಂದರೆ ತೊಟ್ಟಿಲು. ಬಣ್ಣ ಬಳಿದು, ದೇವರ ಚಿತ್ರ ಬರೆದು ಮಾಡುವ ಇಲ್ಲಿಯ ಕಟ್ಟಿಗೆಯ ತೊಟ್ಟಿಲು ನಮ್ಮ ಸೀಮೆಯ ಹೆಣ್ಣುಮಕ್ಕಳ ಹಾಡಿನಲ್ಲೂ ಇದೆ. ಈ ಊರು ತೊಟ್ಟಿಲಿಗೆ ಹೆಸರಾದದ್ದು ಏಕೆಂದು ಇಲ್ಲಿಂದ ಹತ್ತು ಕಿಲೋಮೀಟರ್ ಮುಂದೆ ಹೋದರೆ ತಿಳಿಯುತ್ತದೆ. ಒಂದು ಬದಿ ಬೆಳವಲದ ಬಯಲು, ಇನ್ನೊಂದು ಬದಿ ಕಟ್ಟಿಗೆಯ ಕಾಡು, ನಡುವೆ ಈ ಊರು. ದೇವಿಕೊಪ್ಪ ಕಳೆದು ಕಿರವತ್ತಿ ಬರುವಷ್ಟರಲ್ಲಿ ಮಣ್ಣಿನ ಬಣ್ಣ ಕಪ್ಪಿನಿಂದ ಕೆಂಪಿಗೆ ತಿರುಗಿತು. ಜೋಳ, ಹತ್ತಿ, ಸೋಯಾ ಹೋಗಿ ಗೋವಿನಜೋಳ ಬಂತು, ಅದೂ ಹೋಗಿ ಭತ್ತ ಬಂತು. ಹುಬ್ಬಳ್ಳಿಯಲ್ಲಿ ಬೀಳುವ ಮಳೆಯ ಮೂರು ಪಟ್ಟು ಯಲ್ಲಾಪುರದಲ್ಲಿ ಬೀಳುತ್ತದೆ. ನಡುವೆ ಇರುವುದು ಎಪ್ಪತ್ತು ಕಿಲೋಮೀಟರ್. ಇಷ್ಟು ಸಣ್ಣ ದಾರಿಯಲ್ಲಿ ಇಷ್ಟೊಂದು ಬದಲಾಗುವ ನೆಲ ಇರುವುದಕ್ಕೇ ಈ ಹಾದಿಯಲ್ಲಿ ವ್ಯಾಪಾರ ಹುಟ್ಟಿತೆಂದು ಕಾಣುತ್ತದೆ. ಮೇಲಿನವರ ಹತ್ತಿರ ಇರುವುದು ಕೆಳಗಿನವರ ಹತ್ತಿರ ಇಲ್ಲ, ಕೆಳಗಿನವರದು ಮೇಲಿನವರಿಗೆ ಬೇಕು.

ಈ ರಸ್ತೆಯನ್ನು ರಸ್ತೆ ಮಾಡಿದ್ದು ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಅರಳೆ ಬರುವುದು ನಿಂತಿತು. ಅವರ ಕಣ್ಣು ಧಾರವಾಡ ಸೀಮೆಯ ಎರಿ ಹೊಲಗಳ ಮೇಲೆ ಬಿತ್ತು. ಹತ್ತಿ ಇಲ್ಲಿತ್ತು, ಹಡಗು ಕುಮಟಾದಲ್ಲಿತ್ತು, ನಡುವೆ ಘಟ್ಟವಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರವನ್ನು ಹತ್ತಿಯ ಬಂದರು ಮಾಡುವ ಲೆಕ್ಕಾಚಾರವಿತ್ತು. ಎತ್ತಿನ ಗಾಡಿ ಇಳಿಯುವಂತೆ ಘಟ್ಟದಲ್ಲಿ ರಸ್ತೆಗಳನ್ನು ಕಡಿದರು. ಹೇರಿನ ಎತ್ತುಗಳ ಕಾಲುದಾರಿ ಬಂಡಿಯ ದಾರಿಯಾಯಿತು. ನಮ್ಮ ಹೊಲಗಳಲ್ಲಿ ಬೆಳೆದ ಹತ್ತಿಗೆ ಪರದೇಶದ ಪೇಟೆಯಲ್ಲಿ ಕುಮಟಾ ಹತ್ತಿ ಎಂಬ ಹೆಸರೇ ನಿಂತುಬಿಟ್ಟಿತು. ಬೆಳೆದವನ ಊರಿನ ಹೆಸರಿಗಿಂತ ಹಡಗು ಹತ್ತಿಸಿದವನ ಊರು ದೊಡ್ಡದಾಯಿತು. 1880ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮೇಲಿಂದ ಗೋವೆಯ ಮುರಗಾಂವ ಬಂದರಿಗೆ ರೈಲು ಓಡಿದ ಮೇಲೆ ಬಂಡಿಗಳ ಸದ್ದು ಕಡಿಮೆಯಾಯಿತು, ಕುಮಟಾ ಕಾರವಾರಗಳ ವ್ಯಾಪಾರ ಇಳಿಯಿತು. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಎಂಬ ಮಾತು ಮಾತ್ರ ದಶಕಗಳಿಂದ ಕಾಗದ, ಕೋರ್ಟು, ಕಾಡು ಎಂದು ಸುತ್ತುತ್ತಲೇ ಇದೆ.

ಯಲ್ಲಾಪುರದಿಂದ ಮಾಗೋಡಿಗೆ ಹೆದ್ದಾರಿ ಬಿಟ್ಟು ಒಳಗೆ ಹೊರಳಬೇಕು. ತಿರುವಿನಲ್ಲಿ ಕಾಕಾ ಬೋರ್ಡು ನೋಡಿ, "ಇದರಾಗ ಎಷ್ಟು ದೂರ ಆಕ್ಕತಿ?" ಎಂದು ಕೇಳಿದರು. ಹದಿನೇಳೋ ಹದಿನೆಂಟೋ ಕಿಲೋಮೀಟರ್ ಎಂದೆ. "ಹೌದಾ?" ಎಂದು ಸುಮ್ಮನಾದರು. ಅವರು ಮಾಗೋಡು ನೋಡಿಯೇ ಇರಲಿಲ್ಲ. ಸಾವಿರಾರು ಸಲ ಈ ತಿರುವು ದಾಟಿದ್ದಾರೆ, ಇಲ್ಲಿ ಪ್ರವಾಸಿಗರನ್ನು ಇಳಿಸಿದ್ದಾರೆ, ಜಲಪಾತಕ್ಕೆ ಹೇಗೆ ಹೋಗುವುದು ಎಂದು ಕೇಳಿದವರಿಗೆ ಕೈ ತೋರಿಸಿದ್ದಾರೆ. ಆದರೆ ಬಸ್ಸಿಗೆ ಟೈಮಿತ್ತು.

ಅಡಿಕೆ ತೋಟಗಳ ನಡುವಿನ ಸಣ್ಣ ದಾರಿ, ಕವಡಿಕೆರೆಯ ನಿಂತ ನೀರು, ಆಮೇಲೆ ಕಾಡು. ಗಾಡಿ ನಿಲ್ಲಿಸಿ ಮೆಟ್ಟಿಲಿಳಿದು ನೋಡುವ ಕಟ್ಟೆಗೆ ಬಂದಾಗ ಕಣಿವೆಯ ತುಂಬ ಮಂಜು. ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ನಮಗಿಂತ ಮೊದಲು ಬಂದಿದ್ದ ಕಾಲೇಜು ಹುಡುಗರು ಕಾದು ಬೇಸತ್ತು ಜೇನುಕಲ್ಲು ಗುಡ್ಡಕ್ಕೆ ಹೋಗೋಣವೆಂದು ಹೊರಟರು. ಕಾಕಾ ಕಟ್ಟೆಯ ಮೇಲೆ ಕೂತರು. ಡ್ರೈವರ್ ಕೆಲಸದಲ್ಲಿ ಕಾಯುವುದನ್ನು ಕಲಿಯದವನು ಉಳಿಯುವುದಿಲ್ಲ ಎಂದು ಅವರು ಹಿಂದೊಮ್ಮೆ ಹೇಳಿದ್ದರು. ಇಪ್ಪತ್ತು ನಿಮಿಷ ಕಳೆದಿರಬೇಕು. ಮಂಜು ಕೆಳಗಿನಿಂದ ಹರಿಯತೊಡಗಿತು. ಮೊದಲು ಬುಡದ ಕಾಡು, ಆಮೇಲೆ ಕರಿಬಂಡೆ, ಆಮೇಲೆ ಬಿಳಿ. ಬೇಡ್ತಿ ಒಂದೇ ಜಿಗಿತಕ್ಕೆ ಬೀಳುವುದಿಲ್ಲ. ಮೇಲೆ ಒಮ್ಮೆ ಬಂಡೆಗೆ ಬಡಿದು, ಅಲ್ಲಿ ಸಾವರಿಸಿಕೊಂಡು, ಮತ್ತೆ ಕೆಳಗೆ ಹೋಗುತ್ತದೆ. ಒಟ್ಟು ಇನ್ನೂರು ಮೀಟರಿನ ಹತ್ತಿರ. ಕೆಳಗೆ ಇಳಿಯುವ ದಾರಿಯಿಲ್ಲ, ದೂರದಿಂದ ನೋಡಬೇಕು ಅಷ್ಟೇ.

ಮಗ ಫೋಟೋ ತೆಗೆಯುತ್ತ, "ಅಪ್ಪಾ, ಇದು ನಿಜವಾಗ್ಲೂ ಉಣಕಲ್ ನೀರಾ?" ಎಂದ. ಅದರಲ್ಲಿ ಉಣಕಲ್ಲಿನದು ಎಷ್ಟು, ಕಾಡಿನ ಹಳ್ಳಗಳದು ಎಷ್ಟು ಎಂದು ಯಾರು ಅಳೆಯಬೇಕು? ಮಳೆಗಾಲ ಮುಗಿದ ಹೊಸತರಲ್ಲಿ ಕಾಡಿನದೇ ಹೆಚ್ಚು. ಬೇಸಿಗೆಯಲ್ಲಿ ಲೆಕ್ಕ ಬೇರೆ ಇದ್ದೀತು. ಕಾಕಾ ಮಾತ್ರ ಜಲಪಾತದಿಂದ ಕಣ್ಣು ಕೀಳದೆ, "ನಾ ದಿನಾ ಇದರ ಬಾಜೂಕನ ಹೋಗಿ ಬರ್ತಿದ್ನಿ" ಎಂದರು. ಆ ಮಾತಿನಲ್ಲಿ ಬೇಸರವಿತ್ತೋ, ಬೆರಗಿತ್ತೋ ಗೊತ್ತಾಗಲಿಲ್ಲ. ಹೆಂಡತಿ ಬುತ್ತಿ ಬಿಚ್ಚಿ ಅವರ ಕೈಗೆ ಚಪಾತಿ ಪಲ್ಯ ಕೊಟ್ಟಳು. ಅವರು ನೋಡುತ್ತಲೇ ತಿಂದರು.

ಈ ಕಣಿವೆ ಹೀಗೆ ಉಳಿದದ್ದು ತಾನಾಗಿ ಅಲ್ಲ. 1970ರ ದಶಕದ ಕೊನೆಯಲ್ಲಿ ಇಲ್ಲಿ ಜಲವಿದ್ಯುತ್ ಯೋಜನೆ ಬರುವುದಿತ್ತು. ತೋಟ, ಕಾಡು ಮುಳುಗುತ್ತವೆ ಎಂದು ಅಡಿಕೆ ಬೆಳೆಗಾರರು ಎದುರು ನಿಂತರು. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ಮಾಡಿದರು, ಲಾಭ ನಷ್ಟದ ಲೆಕ್ಕವನ್ನು ತಾವೇ ತೆಗೆದರು. ಘೋಷಣೆಯ ಜೊತೆ ಅಂಕಿಸಂಖ್ಯೆ ಹಿಡಿದು ವಾದ ಮಾಡಿದ ಚಳವಳಿ ಅದು. ಯೋಜನೆ ನಿಂತಿತು. ಪಕ್ಕದ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಒಂದರ ಕೆಳಗೊಂದು ಅಣೆಕಟ್ಟುಗಳು ಬಂದವು. ಬೇಡ್ತಿ ಘಟ್ಟದಲ್ಲಿ ತನ್ನ ಪಾಡಿಗೆ ಧುಮುಕುತ್ತ ಉಳಿಯಿತು.

ಈಗ ಮತ್ತೆ ಬೇಡ್ತಿ–ವರದಾ ಜೋಡಣೆಯ ಮಾತು ಎದ್ದಿದೆ. ಪಶ್ಚಿಮಕ್ಕೆ ಹರಿಯುವ ನೀರನ್ನು ಮೇಲೆತ್ತಿ ಪೂರ್ವದ ವರದಾ ನದಿಗೆ ಹಾಕಿ ಬಯಲುಸೀಮೆಯ ಹೊಲಗಳಿಗೆ ಒಯ್ಯುವುದು. ಯಲ್ಲಾಪುರ, ಶಿರಸಿಗಳಲ್ಲಿ ಅದು ಬೇಡವೆಂದು ಸಭೆ. ಹಾವೇರಿ ಕಡೆ ಬೇಕೇ ಬೇಕೆಂದು ಸಭೆ. ಹುಬ್ಬಳ್ಳಿಯವನಾದ ನಾನು ಎರಡರ ನಡುವೆ ಇದ್ದೇನೆ. ಭಾನುವಾರ ಈ ಕಟ್ಟೆಯ ಮೇಲೆ ನಿಂತಾಗ ಹೊಳೆ ಹೀಗೇ ಇರಲಿ ಅನ್ನಿಸುತ್ತದೆ. ನಮ್ಮ ಅತ್ತೆಯ ಮನೆ ಇರುವುದು ಹಾವೇರಿ ಜಿಲ್ಲೆಯಲ್ಲಿ. ಅಲ್ಲಿ ಬೋರು ಬತ್ತಿ ಮೆಣಸಿನ ಸಸಿ ಬಾಡಿದ್ದನ್ನು ನೋಡಿದಾಗ ಹೊಳೆ ಹೀಗೇ ಇರಲಿ ಎಂಬ ಮಾತು ಬಾಯಿಗೆ ಬರುವುದಿಲ್ಲ. ಆದರೂ ಘಟ್ಟದ ತುದಿಯಿಂದ ನೀರು ಎತ್ತುವ ಮೊದಲು ಅದೇ ಹೊಳೆಯ ತಲೆಯಲ್ಲಿ, ನಮ್ಮೂರಿನಲ್ಲಿ, ನಾವು ಅದಕ್ಕೆ ಏನು ಮಾಡುತ್ತಿದ್ದೇವೆ ಎಂದು ಕೇಳಿಕೊಳ್ಳಬಹುದಲ್ಲ. ಕೊಳೆ ತೊಳೆದು ಬಿಟ್ಟರೆ, ಕೆರೆಗಳ ಹೂಳು ತೆಗೆದರೆ ಎಷ್ಟು ನೀರು ಬಯಲಿನಲ್ಲೇ ಸಿಕ್ಕೀತು ಎಂಬ ಲೆಕ್ಕವೂ 1981ರ ಆ ಲೆಕ್ಕದಷ್ಟೇ ಅಗತ್ಯದ್ದು.

ಯಲ್ಲಾಪುರಕ್ಕೆ ಮರಳಿ, ಖಾನಾವಳಿಯೊಂದರಲ್ಲಿ ಅಪ್ಪೆಹುಳಿ ಸುರಿದುಕೊಂಡು ಉಂಡು, ಇಡಗುಂದಿ ದಾಟಿದೆವು. ಅರಬೈಲ್ ಘಟ್ಟದ ತಲೆಗೆ ಬಂದಾಗ ಕಾಕಾ ಚಪ್ಪಲಿ ಬಿಟ್ಟು, ಕೂತಲ್ಲೇ ಕಣ್ಣುಮುಚ್ಚಿ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ಎರಡನೇ ಗೇರ್ ಹಾಕು" ಎಂದರು.

"ಇನ್ನೂ ಇಳಿಜಾರೇ ಬಂದಿಲ್ಲಲ್ರಿ."

"ಬಂದ ಮ್ಯಾಲೆ ಹಾಕಿದ್ರ ತಡಾ ಆಕ್ಕತಿ. ಯಾವ ಗೇರ್‌ನ್ಯಾಗ ಹತ್ತತಿ, ಅದರಾಗನ ಇಳೀಬೇಕು."

ಹಿಂದೆ ಕೂತ ಮಗ ಮುಂದಕ್ಕೆ ಬಾಗಿದ. ಅವನು ಲೈಸೆನ್ಸ್ ತೆಗೆದುಕೊಂಡು ವರ್ಷವಾಗಿತ್ತು. ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿದರೆ ಏನಾಗುತ್ತದೆಂದು ಕಾಕಾ ಅವನಿಗೆ ಹೇಳತೊಡಗಿದರು. ಬ್ರೇಕ್ ಎಂದರೆ ತಿಕ್ಕಾಟ, ತಿಕ್ಕಾಟವೆಂದರೆ ಬಿಸಿ. ಲಾರಿಯ ಡ್ರಮ್ ಕಾದು ಲೈನರ್ ಸುಡತೊಡಗಿದರೆ ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎಂಜಿನ್ನೇ ಗಾಡಿಯನ್ನು ಹಿಡಿದಿಡುವಂತೆ ಸಣ್ಣ ಗೇರಿನಲ್ಲಿ ಬಂದರೆ ಬ್ರೇಕು ಕಷ್ಟಕಾಲಕ್ಕೆ ಉಳಿಯುತ್ತದೆ. ನ್ಯೂಟ್ರಲ್‌ಗೆ ಹಾಕಿ ಎಣ್ಣೆ ಉಳಿಸಲು ಹೋದವರು ಎಣ್ಣೆಯನ್ನಷ್ಟೇ ಉಳಿಸಿದರು ಎಂದರು. ಸ್ವಲ್ಪ ಮುಂದೆ ಕಿಟಕಿಯ ಗಾಜು ಇಳಿಸಿ, "ಮೂಸಿ ನೋಡು" ಎಂದರು. ಸುಟ್ಟ ರಬ್ಬರಿನಂಥ, ಕಬ್ಬಿಣದಂಥ ವಾಸನೆ. ಮುಂದಿನ ತಿರುವಿನಲ್ಲಿ ಇಳಿಯುತ್ತಿದ್ದ ಟ್ಯಾಂಕರಿನ ಗಾಲಿಗಳದು. ಹಸಿರು, ಮಂಜು, ಹಳ್ಳದ ಸದ್ದು ನೋಡುತ್ತ ಹತ್ತಾರು ಸಲ ಈ ಘಟ್ಟ ಇಳಿದ ನನಗೆ ಆ ವಾಸನೆ ಬಂದದ್ದು ಅಂದೇ ಮೊದಲು.

ತಿರುವಿಗೊಂದು ಕತೆ ಕಾಕಾನ ಹತ್ತಿರ ಇತ್ತು. 2003ರಿಂದ ಮುಂದೆ ಏಳೆಂಟು ವರ್ಷ ಬಳ್ಳಾರಿ, ಹೊಸಪೇಟೆಯ ಅದಿರು ತುಂಬಿದ ಲಾರಿಗಳು ಇದೇ ಹಾದಿಯಲ್ಲಿ ಕಾರವಾರ, ಬೇಲೇಕೇರಿ ಬಂದರುಗಳಿಗೆ ಇಳಿಯುತ್ತಿದ್ದವು. ಒಂದರ ಬಾಲಕ್ಕೆ ಒಂದು. ರಸ್ತೆಬದಿಯ ಎಲೆಗಳೆಲ್ಲ ಕೆಂಪಗಾಗಿದ್ದವು. ಒಂದು ಲಾರಿ ಕೆಟ್ಟು ನಿಂತರೆ ಬಸ್ಸಿನ ತುಂಬ ಜನರನ್ನಿಟ್ಟುಕೊಂಡು ರಾತ್ರಿಯಿಡೀ ಘಟ್ಟದಲ್ಲೇ. ಬಾಣಂತಿಯೊಬ್ಬಳ ಕೂಸಿಗೆ ಲಾರಿಯವರು ಸ್ಟೋವ್ ಹಚ್ಚಿ ನೀರು ಕಾಯಿಸಿ ಕೊಟ್ಟದ್ದನ್ನು ಹೇಳಿದರು. 2010ರಲ್ಲಿ ಬೇಲೇಕೇರಿಯಲ್ಲಿ ಜಪ್ತಿ ಮಾಡಿಟ್ಟ ಅದಿರೇ ಮಾಯವಾದ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು, ಅದಿರಿನ ರಫ್ತು ನಿಂತಿತು, ಲಾರಿಗಳೂ ನಿಂತವು. "ಮುಂದಿನ ಮಳೀಗೆ ಎಲಿ ಹಸರಾದ್ವು" ಎಂದರು ಕಾಕಾ. ಅವರ ಮಟ್ಟಿಗೆ ಆ ದೊಡ್ಡ ಹಗರಣದ ತೀರ್ಪು ಅಷ್ಟೇ.

ಗುಳ್ಳಾಪುರದ ಕಡೆ ಇಳಿಯುತ್ತಿರುವಾಗ ಅವರು ಮಾತು ನಿಲ್ಲಿಸಿದರು. ಇಲ್ಲಿ ಏನಾಗಿತ್ತೆಂದು ನಮಗೆಲ್ಲರಿಗೂ ಗೊತ್ತಿತ್ತು. 2025ರ ಜನವರಿ 22ರ ನಸುಕು. ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ಕಾಯಿಪಲ್ಲೆ ಹೇರಿಕೊಂಡು ಹೊರಟ ಲಾರಿ, ಮೂಟೆಗಳ ಜೊತೆ ಕೂತ ವ್ಯಾಪಾರಿಗಳು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಎಡಕ್ಕೆ ಎಳೆದಾಗ ಲಾರಿ ಕಣಿವೆಗೆ ಉರುಳಿತು ಎಂದು ಪೊಲೀಸರು ಹೇಳಿದರು. 10 ಮಂದಿ ಸತ್ತರು. ಬಂಡಿಗಳು ಹತ್ತಿ ಹೊತ್ತು ಇಳಿದ ಕಾಲದಿಂದ ಬಯಲಿನ ಬೆಳೆ ಕರಾವಳಿಗೆ ಹೋಗುವ ಸೀಮೆ ಇದು, ಆ ಬೆಳೆಯನ್ನು ಒಯ್ಯುವವರು ಇವತ್ತಿಗೂ ಮೂಟೆಯ ಮೇಲೆಯೇ ಕೂತು ಹೋಗುತ್ತಾರೆ. ಸಂತೆಗೆ ಬೇಗ ಮುಟ್ಟಬೇಕು, ಆದ್ದರಿಂದ ಕತ್ತಲಲ್ಲಿ ಘಟ್ಟ ಇಳಿಯಬೇಕು. ಬೇರೆ ಗಾಡಿ ಮಾಡಿದರೆ ಲಾಭವೆಲ್ಲ ಬಾಡಿಗೆಗೆ ಹೋಗುತ್ತದೆ, ಆದ್ದರಿಂದ ಸರಕಿನ ಜೊತೆಗೇ ಕೂರಬೇಕು. ನಾವು ಸೂರ್ಯೋದಯ ನೋಡಲು ಬೇಗ ಹೊರಡುತ್ತೇವೆ. ಅವರಿಗೆ ಜಾಗ ಹಿಡಿಯಬೇಕು, ಅದಕ್ಕೆ ಬೇಗ ಹೊರಡುತ್ತಾರೆ.

ಘಟ್ಟ ಇಳಿದ ಮೇಲೆ ಸೆಕೆ ಒಮ್ಮೆಲೇ ಮುಖಕ್ಕೆ ಬಡಿಯಿತು. ಗುಳ್ಳಾಪುರದಲ್ಲಿ ಹೊಳೆ ಮತ್ತೆ ಸಿಕ್ಕಿತು, ಈಗ ಅಗಲವಾಗಿ, ಗಂಗಾವಳಿಯಾಗಿ. 2021ರ ಜುಲೈ ಮಳೆಯಲ್ಲಿ ಇಲ್ಲಿಯ ಸೇತುವೆ ಕೊಚ್ಚಿಹೋಗಿ ಆಚೆ ದಡದ ಹಳ್ಳಿಗಳಿಗೆ ದಾರಿಯೇ ತಪ್ಪಿತ್ತು. ಅದೇ ಮಳೆಗೆ ಮೇಲೆ ಕಳಚೆಯಲ್ಲಿ ತೋಟ ಮನೆಗಳ ಸಮೇತ ಗುಡ್ಡ ಜಾರಿತ್ತು, ಅರಬೈಲಿನಲ್ಲಿ ಹೆದ್ದಾರಿ ಕುಸಿದಿತ್ತು. ರಾಮನಗುಳಿ ದಾಟಿ, ದಂಡೆಯ ಒಂದು ಕಡೆ ಗಾಡಿ ನಿಲ್ಲಿಸಿ ನೀರಿಗಿಳಿದೆವು. ಮೊಣಕಾಲಿನಷ್ಟು ನೀರು, ಕಾಲಡಿಗೆ ನುಣ್ಣನೆಯ ಕಲ್ಲು, ಪಾದ ಕಚ್ಚುವ ಸಣ್ಣ ಮೀನು. ಮಗ ಬಂಡೆಯಿಂದ ಬಂಡೆಗೆ ಜಿಗಿಯುತ್ತ ಬಹಳ ದೂರ ಹೋದ. ಕಾಕಾ ಪ್ಯಾಂಟು ಮಡಚಿ ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟರು. ಪೆಡಲ್ ತುಳಿದು ತುಳಿದು ಹಿಮ್ಮಡಿ ಒಡೆದ, ಉಬ್ಬಿದ ನರಗಳ ಕಾಲು. ಬಹಳ ಹೊತ್ತಿನ ತನಕ ಅವರು ಅದನ್ನು ನೀರಿನಿಂದ ತೆಗೆಯಲಿಲ್ಲ.

ಸುಂಕಸಾಳ, ಹೊಸಕಂಬಿ, ಅಂಕೋಲಾ. ಅಲ್ಲಿಂದ ಕುಮಟಾ ಕಡೆಗೆ ತಿರುಗಿದರೆ ಕರಾವಳಿಯ ಹೆದ್ದಾರಿಯಲ್ಲಿ ಶಿರೂರು ಬರುತ್ತದೆ. 2024ರ ಜುಲೈ 16ರಂದು ರಸ್ತೆಗೆ ಅಂಟಿದ ಗುಡ್ಡ ಕಳಚಿಬಿದ್ದು ಚಹಾದಂಗಡಿ, ಲಾರಿ, ಮನುಷ್ಯರನ್ನೆಲ್ಲ ಗಂಗಾವಳಿಗೆ ನೂಕಿದ ಜಾಗ. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತ್ತು. ಕೇರಳದ ಚಾಲಕನೊಬ್ಬನ ಲಾರಿ ಹೊಳೆಯ ತಳದಲ್ಲಿ ಸಿಕ್ಕಾಗ ಸೆಪ್ಟೆಂಬರ್ ಕೊನೆಯಾಗಿತ್ತು. ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡವನ್ನು ನೇರಕ್ಕೆ ಕಡಿದದ್ದರತ್ತ ಆಗ ಅನೇಕರು ಬೆರಳು ತೋರಿದರು. ಕಡಿದ ಗುಡ್ಡ ಇನ್ನೂ ಕೆಂಪಾಗಿ ಕಾಣುತ್ತದೆ. ಅಲ್ಲಿ ಗಾಡಿ ನಿಲ್ಲಿಸಲು ಯಾರಿಗೂ ಮನಸ್ಸಾಗಲಿಲ್ಲ.

ಮಂಜಗುಣಿಯ ದಂಡೆಯಲ್ಲಿ ಹೊಳೆ ಕೊನೆಗೆ ಸಮುದ್ರ ಸೇರುತ್ತದೆ. ಮರಳಿನ ಮೇಲೆ ದೋಣಿಗಳು, ಒಣಗಲು ಹಾಕಿದ ಬಲೆ, ಮೀನಿನ ವಾಸನೆ. ಎಲ್ಲಿ ಹೊಳೆ ಮುಗಿದು ಎಲ್ಲಿ ಕಡಲು ಶುರುವಾಯಿತೆಂದು ಗೆರೆ ಎಳೆಯಲು ಬರುವುದಿಲ್ಲ. ಏರುವಾಗ ಉಪ್ಪುನೀರು ಒಳಗೆ ಬರುತ್ತದೆ, ಇಳಿತದಲ್ಲಿ ಸಿಹಿನೀರು ಹೊರಗೆ ಹೋಗುತ್ತದೆ. ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆ. ನಾವು ಹುಬ್ಬಳ್ಳಿಯಿಂದ ಬಂದವರು, ಈ ಹೊಳೆ ನಮ್ಮೂರಿನಿಂದ ಬರುತ್ತದೆ ಎಂದೆ. ಅವರು ನನ್ನನ್ನೂ ಹೊಳೆಯನ್ನೂ ಒಮ್ಮೆ ನೋಡಿ, "ಹಂಗಾರೆ ಆ ಪ್ಲಾಸ್ಟಿಕ್ಕೂ ನಿಮ್ಮೂರದ್ದೇಯ?" ಎಂದು ಕೇಳಿ, ಬಲೆಯಲ್ಲಿ ಸಿಕ್ಕಿಕೊಂಡಿದ್ದ ಹಾಲಿನ ಖಾಲಿ ಚೀಟನ್ನು ಬಿಡಿಸಿ ಪಕ್ಕಕ್ಕಿಟ್ಟರು. ಸಿಟ್ಟಿನಿಂದ ಕೇಳಿದ್ದಲ್ಲ. ಆದರೂ ಮಗ ಅದನ್ನು ಎತ್ತಿ ಜೇಬಿನಲ್ಲಿಟ್ಟುಕೊಂಡ.

ವಾಪಸು ಬರುವಾಗ ರಾಮನಗುಳಿಯ ಹತ್ತಿರ ಸ್ಟಿಯರಿಂಗ್ ಮಗನ ಕೈಗೆ ಕೊಟ್ಟೆ. ಕಾಕಾ ಅವನ ಪಕ್ಕದಲ್ಲಿ, ನಾನು ಹಿಂದೆ. ಘಟ್ಟ ಏರುವಾಗ ಹೊತ್ತು ಮುಳುಗುತ್ತಿತ್ತು. ಕಾಕಾ ಹೆಚ್ಚು ಮಾತಾಡಲಿಲ್ಲ. ತಿರುವು ಬಂದಾಗ "ಹಾರ್ನ್", ತಿರುವು ಕಳೆದಾಗ "ಹ್ಞಾಂ" ಅಷ್ಟೇ. ಅವರ ಬಲಗಾಲು ಸುಮ್ಮನಿತ್ತು. ಅರ್ಧ ಘಟ್ಟ ಏರಿರಬೇಕು, ಮೇಲಿನ ತಿರುವಿನಲ್ಲಿ ಒಂದು ಪಿಕಪ್ ಕಾಣಿಸಿತು. ಉಳ್ಳಾಗಡ್ಡಿ ಚೀಲಗಳು, ಅವುಗಳ ಮೇಲೆ ಮುಸುಕು ಹೊದ್ದು ಕೂತ ಇಬ್ಬರು. ಒಂದೇ ದೀಪ ಉರಿಯುತ್ತಿತ್ತು. ತಿರುವು ಇಬ್ಬರಿಗೂ ಸಾಲುವಂತಿರಲಿಲ್ಲ.

"ಅಜ್ಜಾ, ಹತ್ತೋರಿಗೆ ಮೊದಲ ಹಕ್ಕು ಅಲ್ಲಾ?" ಎಂದ ಮಗ. ಲೈಸೆನ್ಸಿಗೆ ಓದಿದ್ದು ಅವನಿಗೆ ನೆನಪಿತ್ತು. ಗುಡ್ಡದ ರಸ್ತೆಯಲ್ಲಿ ಏರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಎಂಬುದು ನಿಯಮವೇ ಹೌದು.

"ಹೌದು, ನಮ್ದ ಹಕ್ಕು" ಎಂದರು ಕಾಕಾ. "ಆದ್ರ ಅಂವ ಎಲ್ಲಿ ಸರೀತಾನ, ನೋಡು."

ಮಗ ನೋಡಿದ. ಪಿಕಪ್ಪಿನ ಎಡಕ್ಕೆ ರಸ್ತೆಯ ಅಂಚು, ಅದರಾಚೆ ಕತ್ತಲು. ಅವನು ಗಾಡಿಯನ್ನು ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ದೀಪ ಎರಡು ಸಲ ಮಿಣುಕಿಸಿದ. ಪಿಕಪ್ ನಿಧಾನವಾಗಿ, ನಡುರಸ್ತೆಯಲ್ಲೇ, ನಮ್ಮ ಪಕ್ಕದಲ್ಲಿ ಹಾದು ಹೋಯಿತು. ಚೀಲದ ಮೇಲೆ ಕೂತವರಲ್ಲಿ ಒಬ್ಬ ಕೈ ಎತ್ತಿದ. ಕಾಕಾ ಗಾಜು ಇಳಿಸಿ ಅವರಿಗೆ ಕೇಳುವಂತೆ, "ಸಣ್ಣ ಗೇರ್‌ನ್ಯಾಗ ಇಳೀರಿ" ಎಂದು ಕೂಗಿ ಹೇಳಿದರು.